ಊರಿನ ಮುಂದಿನ ಇಪ್ಪತ್ತು ವರ್ಷದ ನಕ್ಷೆ: ಓದುವುದು ಹೇಗೆ, ಆಕ್ಷೇಪಣೆ ಬರೆಯುವುದು ಹೇಗೆ

ನಮ್ಮ ಲೇಔಟಿನ ಪಕ್ಕದಲ್ಲಿ ಒಂದು ಖಾಲಿ ಹೊಲ ಇತ್ತು. ಸಂಜೆ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಒಂದು ದಿನ ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬಂತು: ಆ ಸರ್ವೆ ನಂಬರಿನ ಭೂ ಬಳಕೆ ಬದಲಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂತ. ಓಣಿಯ ಮಂದಿ ಎಲ್ಲ ಸೇರಿ, 62 ಸಹಿ ಹಾಕಿಸಿ, ‘ದಯವಿಟ್ಟು ಈ ಜಾಗ ಉಳಿಸಿಕೊಡಿ’ ಎಂದು ಪತ್ರ ಕೊಟ್ಟು ಬಂದೆವು. ಅದರಲ್ಲಿ ಸರ್ವೆ ನಂಬರ್ ಇರಲಿಲ್ಲ. ನೀರು ನಿಲ್ಲುವ ಮಾತೂ ಇರಲಿಲ್ಲ. ಪತ್ರ ಕೊಟ್ಟಿದ್ದಕ್ಕೆ ಸ್ವೀಕೃತಿಯನ್ನೂ ತರಲಿಲ್ಲ. ಈಗ ಅಲ್ಲಿ ಕಲ್ಯಾಣ ಮಂಟಪ ನಿಂತಿದೆ, ಮಳೆ ನೀರು ನಮ್ಮ ಮನೆ ಬಾಗಿಲಿಗೆ ಬರುತ್ತದೆ.

ಆ ಪತ್ರ ಹೇಗಿರಬೇಕಿತ್ತು ಎಂದು ಆಮೇಲೆ ಕಲಿತೆ. ಊರು ಹೇಗೆ ಬೆಳೆಯಬೇಕು ಎಂಬುದು ಭಾಷಣದಲ್ಲಿ ತೀರ್ಮಾನ ಆಗುವುದಿಲ್ಲ, ಒಂದು ನಕ್ಷೆಯ ಮೇಲೆ ಆಗುತ್ತದೆ. ಅದರ ಹೆಸರು ಮಾಸ್ಟರ್ ಪ್ಲ್ಯಾನ್, ಸರ್ಕಾರಿ ಭಾಷೆಯಲ್ಲಿ ಮಹಾಯೋಜನೆ. ಮನೆ ಎಲ್ಲಿ, ಕಾರ್ಖಾನೆ ಎಲ್ಲಿ, ದೊಡ್ಡ ರಸ್ತೆ ಯಾರ ಹೊಲದ ಮೇಲೆ, ಪಾರ್ಕ್ ಎಲ್ಲಿ, ಎಲ್ಲವೂ ಅದರಲ್ಲಿದೆ. ಆ ನಕ್ಷೆಯ ಕರಡು ಹೊರಬಿದ್ದ ದಿನದಿಂದ ನಮಗೆ 60 ದಿನ ಸಿಗುತ್ತದೆ. ಆ 60 ದಿನದಲ್ಲಿ ಒಂದು ಹಾಳೆ ಕಾಗದದಿಂದ ಆಗುವ ಕೆಲಸ, ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದರೂ ಆಗುವುದು ಕಷ್ಟ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು, ಅಲ್ವಾ? ಅದಕ್ಕೇ ಕರಡು ಬರುವ ಮೊದಲೇ ತಯಾರಾಗಿರಬೇಕು. ನಾನು ಹುಬ್ಬಳ್ಳಿ-ಧಾರವಾಡದ ಉದಾಹರಣೆ ಕೊಡುತ್ತೇನೆ. ಗದಗ-ಬೆಟಗೇರಿ, ಹಾವೇರಿಯವರಿಗೂ ಕಾಯ್ದೆ ಇದೇ, ದಾರಿಯೂ ಇದೇ.

ಮೊದಲು: ಯಾರ ಕೆಲಸ ಯಾವುದು

ಇಲ್ಲೇ ಬಹಳ ಮಂದಿ ದಾರಿ ತಪ್ಪುವುದು. ಗಟಾರ ತುಂಬಿದರೆ, ಬೀದಿ ದೀಪ ಕೆಟ್ಟರೆ ಮಹಾನಗರ ಪಾಲಿಕೆ. 1962ರಲ್ಲಿ ಎರಡೂ ಊರು ಸೇರಿಸಿ ಕಟ್ಟಿದ ಪಾಲಿಕೆ ಅದು, 2021ರ ಚುನಾವಣೆ ಹೊತ್ತಿಗೆ 82 ವಾರ್ಡು ಆದವು. ಆದರೆ ಮಾಸ್ಟರ್ ಪ್ಲ್ಯಾನ್ ಮಾಡುವುದು ಪಾಲಿಕೆ ಅಲ್ಲ, ನಗರಾಭಿವೃದ್ಧಿ ಪ್ರಾಧಿಕಾರ. ನಾವೆಲ್ಲ ಹುಡಾ ಅನ್ನುತ್ತೇವಲ್ಲ, ಅದೇ. ಗದಗ-ಬೆಟಗೇರಿಗೆ, ಹಾವೇರಿಗೆ ಅವರವರ ಪ್ರಾಧಿಕಾರ ಇದೆ. ಈ ಪ್ರಾಧಿಕಾರದ ಗಡಿ ಪಾಲಿಕೆ ಗಡಿಗಿಂತ ದೊಡ್ಡದು. ಸುತ್ತಲಿನ ಹಳ್ಳಿಗಳೂ ಅದರೊಳಗೆ ಬರುತ್ತವೆ. ಹಾಗಾಗಿ ನೀವು ಗ್ರಾಮ ಪಂಚಾಯಿತಿಯಲ್ಲಿ ಇದ್ದರೂ ಈ ನಕ್ಷೆ ನಿಮ್ಮ ಹೊಲಕ್ಕೆ ಬಣ್ಣ ಹಚ್ಚಿರಬಹುದು.

ಕಾಯ್ದೆ 1961ರದು, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಲ್ಲಿ ನಾಲ್ಕು ಕಲಂ ನೆನಪಿಟ್ಟುಕೊಂಡರೆ ಸಾಕು. 13ನೆಯದು, ಕರಡು ಪ್ರಕಟಿಸಿ 60 ದಿನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು ಎನ್ನುತ್ತದೆ. 13ಡಿ, ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎನ್ನುತ್ತದೆ. 14ಎ, ನಡುವೆ ಒಂದೊಂದೇ ಜಾಗದ ಬಳಕೆ ಬದಲಿಸುವ ದಾರಿ. ನಮ್ಮ ಪಕ್ಕದ ಹೊಲಕ್ಕೆ ಆಗಿದ್ದು ಇದೇ. 69ನೆಯದರ ಬಗ್ಗೆ ಆಮೇಲೆ ಹೇಳುತ್ತೇನೆ, ಅದು ಬಹಳ ಮುಖ್ಯ.

ನಕ್ಷೆ ತಂದು ನಿಮ್ಮ ಜಾಗ ಹುಡುಕಿ

ಅಂತಿಮವಾದ ನಕ್ಷೆಯನ್ನು ಪ್ರಾಧಿಕಾರದ ಕಚೇರಿಯಲ್ಲಿ ಜನರಿಗೆ ಕಾಣುವಂತೆ ಕಾಯಂ ಇಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹೋಗಿ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ನಕ್ಷೆಯ ಜೊತೆಗೆ ಒಂದು ದಪ್ಪ ವರದಿ ಇರುತ್ತದೆ, ವಲಯ ನಿಯಮಗಳ ಪುಸ್ತಕ ಇರುತ್ತದೆ. ಮೂರನ್ನೂ ನೋಡಬೇಕು. ಬಹಳ ಮಂದಿ ಬರೀ ಬಣ್ಣ ನೋಡಿ ಬರುತ್ತಾರೆ. ಆ ಬಣ್ಣದಲ್ಲಿ ಏನು ಕಟ್ಟಬಹುದು, ಎಷ್ಟು ಅಂತಸ್ತು, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಎಂಬುದು ನಿಯಮದ ಪುಸ್ತಕದಲ್ಲಿ ಇರುತ್ತದೆ.

ಹೋಗುವ ಮೊದಲು ನಿಮ್ಮ ಜಾಗದ ನಂಬರ್ ಕೈಯಲ್ಲಿರಲಿ. ಹಳೇ ಊರಿನೊಳಗೆ ಇದ್ದರೆ ಸಿಟಿಎಸ್ (ಸಿಟಿ ಸರ್ವೆ) ನಂಬರ್, ಹೊರವಲಯದಲ್ಲಿದ್ದರೆ ಉತಾರದಲ್ಲಿರುವ (ಪಹಣಿಯಲ್ಲಿರುವ) ಸರ್ವೆ ನಂಬರ್. ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಬಣ್ಣಗಳು ಸಾಮಾನ್ಯವಾಗಿ ಹೀಗಿರುತ್ತವೆ: ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ-ಆಸ್ಪತ್ರೆ-ಕಚೇರಿಯಂಥವು, ಹಸಿರು ಪಾರ್ಕ್ ಮತ್ತು ಬಯಲು, ಬೂದು ರಸ್ತೆ-ರೈಲು. ಕೃಷಿಗೆ ತಿಳಿ ಹಸಿರು. ಈ ಎರಡು ಹಸಿರು ಬಹಳ ಮಂದಿಗೆ ಗೊಂದಲ ತರುತ್ತವೆ. ಕೃಷಿ ಹಸಿರು ಮುಂದಿನ ಪರಿಷ್ಕರಣೆಯಲ್ಲಿ ಹಳದಿ ಆಗಬಹುದು. ಪಾರ್ಕಿನ ಹಸಿರು ಹಾಗೆ ಸುಮ್ನೆ ಹಳದಿ ಆಗಬಾರದು. ನಕ್ಷೆಯ ಮೂಲೆಯಲ್ಲಿರುವ ಬಣ್ಣದ ಪಟ್ಟಿ ನೋಡಿಯೇ ಮುಂದೆ ಹೋಗಿ.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಕಂದಾಯ ಗ್ರಾಮಗಳ ಹಳೇ ನಕಾಶೆಗಳು ಸಿಗುತ್ತವೆ. ಅದರಲ್ಲಿ ಹಳ್ಳ, ಕೆರೆ, ಬಂಡಿ ದಾರಿ ಎಲ್ಲ ಗುರುತು ಹಾಕಿರುತ್ತಾರೆ. ಅದನ್ನೂ ಮಾಸ್ಟರ್ ಪ್ಲ್ಯಾನನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯದರಲ್ಲಿ ಹಳ್ಳ ಇದ್ದು ಹೊಸದರಲ್ಲಿ ಇಲ್ಲದಿದ್ದರೆ, ಅಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ. ನಿಮ್ಮ ಆಕ್ಷೇಪಣೆಗೆ ಅದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ.

ಕಾಲ್ನಡಿಗೆಯಲ್ಲಿ ನೋಡಿ

ನಕ್ಷೆ ಹಿಡಿದು ಒಂದು ಭಾನುವಾರ ಬೆಳಿಗ್ಗೆ ನಡೆಯಿರಿ. ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ಕಡೆಯಿಂದ ಬರುವ ನಾಲಾ ಊರ ನಡುವೆಯೇ ಹರಿಯುತ್ತದೆ. ದೊಡ್ಡ ಮಳೆ ಬಂದಾಗ ಅದು ತನ್ನ ಹಳೇ ಜಾಗ ಕೇಳುತ್ತದೆ. ಎಲ್ಲಿ ಕಿರಿದಾಗಿದೆ, ಎಲ್ಲಿ ಸೇತುವೆ ತಗ್ಗಾಗಿದೆ, ಎಲ್ಲಿ ಮನೆಯ ಗೋಡೆ ನಾಲಾದೊಳಗೇ ಇಳಿದಿದೆ ಎಂದು ಫೋಟೋ ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಆನ್ ಇಟ್ಟು ತೆಗೆದರೆ ಜಾಗ, ದಿನಾಂಕ ಎರಡೂ ದಾಖಲಾಗುತ್ತದೆ.

ನಮ್ಮ ಕಡೆ ಮಣ್ಣನ್ನೂ ನೋಡಬೇಕು. ಹುಬ್ಬಳ್ಳಿಯಿಂದ ಮೂಡಣಕ್ಕೆ, ನವಲಗುಂದ-ಗದಗ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಂಥ ನೆಲದ ಮೇಲೆ ಗಟಾರ ಇಲ್ಲದೆ ಹಾಕಿದ ಡಾಂಬರು ಎರಡು ಮಳೆಗಾಲ ತಡೆದರೆ ಜಾಸ್ತಿ. ನೀರು ರಸ್ತೆಯ ಅಡಿಗೆ ಇಳಿದರೆ ಮುಗೀತು.

ಲೆಕ್ಕ ಹಾಕಿ

ಈ ಭಾಗ ಯಾರೂ ಮಾಡುವುದಿಲ್ಲ, ಆದರೆ ನಿಮ್ಮ ಮಾತಿಗೆ ತೂಕ ಬರುವುದು ಇದರಿಂದಲೇ. ಕ್ಯಾಲ್ಕುಲೇಟರ್ ಸಾಕು.

2001ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 7,86,195. 2011ರಲ್ಲಿ 9,43,788. ಹತ್ತು ವರ್ಷದಲ್ಲಿ ನೂರಕ್ಕೆ 20ರಷ್ಟು ಏರಿಕೆ. 2021ರ ಜನಗಣತಿ ನಡೆಯಲೇ ಇಲ್ಲ. ಹಾಗಾಗಿ ಯಾವ ಯೋಜನೆಯಾದರೂ 2011ರ ಅಂಕಿ ಹಿಡಿದು ಮುಂದಿನದನ್ನು ಅಂದಾಜು ಮಾಡಬೇಕು. ಅದೇ ವೇಗ ಇಟ್ಟುಕೊಂಡರೆ 2031ಕ್ಕೆ ಸುಮಾರು 13.6 ಲಕ್ಷ, 2041ಕ್ಕೆ 16.3 ಲಕ್ಷ. ಇದು ನನ್ನ ಲೆಕ್ಕ, ಸರ್ಕಾರದ್ದಲ್ಲ. ಕರಡು ವರದಿಯಲ್ಲಿ ಅವರು ಯಾವ ವೇಗ ಹಿಡಿದಿದ್ದಾರೆ ನೋಡಿ. ಬಹಳ ಹೆಚ್ಚು ಹಿಡಿದಿದ್ದರೆ ಬೇಕಿಲ್ಲದ ಹೊಲ ಹಳದಿ ಆಗುತ್ತದೆ, ಕಡಿಮೆ ಹಿಡಿದಿದ್ದರೆ ನೀರು, ಶಾಲೆ ಸಾಲುವುದಿಲ್ಲ.

ಈಗ ಮನೆ. 2011ರಿಂದ 2041ರವರೆಗೆ ಸುಮಾರು 6.9 ಲಕ್ಷ ಜನ ಹೆಚ್ಚಾದರೆ, ಒಂದು ಮನೆಗೆ ನಾಲ್ಕೂವರೆ ಮಂದಿ ಎಂದರೂ 1.5 ಲಕ್ಷ ಮನೆ ಬೇಕು. ಎಲ್ಲರಿಗೂ 30×40 ಅಡಿ ಸೈಟೇ ಕೊಡುತ್ತೇವೆ ಅನ್ನಿ. ಒಂದು ಎಕರೆಯಲ್ಲಿ ಅರ್ಧದಷ್ಟು ರಸ್ತೆ, ಪಾರ್ಕಿಗೆ ಹೋಗಿ ಹೆಚ್ಚೆಂದರೆ 20 ಸೈಟ್ ಬೀಳುತ್ತವೆ. ಅಂದರೆ 7,500 ಎಕರೆ ಹೊಲ. ಅಷ್ಟು ಹೊಲಕ್ಕೂ ರಸ್ತೆ, ಪೈಪು, ದೀಪ, ಗಟಾರ ಒಯ್ಯಬೇಕು. ಅದೇ ಮನೆಗಳಲ್ಲಿ ಅರ್ಧದಷ್ಟು ಬಸ್ ದಾರಿಯ ಹತ್ತಿರ ಮೂರು-ನಾಲ್ಕು ಅಂತಸ್ತಿನಲ್ಲಿ ಆದರೆ ಸಾವಿರಾರು ಎಕರೆ ಉಳಿಯುತ್ತದೆ. ಎಫ್‌ಎಆರ್ ಅನ್ನುತ್ತಾರಲ್ಲ, ಅದರ ಅರ್ಥ ಇಷ್ಟೇ: 1,200 ಚದರ ಅಡಿ ಪ್ಲಾಟಿಗೆ ಎಫ್‌ಎಆರ್ 1.5 ಇದ್ದರೆ ಎಲ್ಲ ಅಂತಸ್ತು ಸೇರಿ 1,800 ಚದರ ಅಡಿ ಕಟ್ಟಬಹುದು. ಅದನ್ನು ಎಲ್ಲಿ ಹೆಚ್ಚು ಕೊಟ್ಟಿದ್ದಾರೆ, ಎಲ್ಲಿ ಕಡಿಮೆ ಎಂದು ಕರಡಿನಲ್ಲಿ ಹುಡುಕಿ.

ನೀರಿಗೆ ಬನ್ನಿ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಒಪ್ಪಿತ ಅಳತೆ. 16.3 ಲಕ್ಷ ಜನಕ್ಕೆ ದಿನಕ್ಕೆ 22 ಕೋಟಿ ಲೀಟರ್ ಆಯಿತು. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬರುತ್ತದೆ, ಸುಮಾರು 17.6 ಕೋಟಿ ಲೀಟರ್. ನಮಗೆ ನೀರು ಬರುವುದು ಮುಖ್ಯವಾಗಿ ಸವದತ್ತಿ ಹತ್ತಿರದ ರೇಣುಕಾಸಾಗರದಿಂದ (ಮಲಪ್ರಭೆಯ ಅಣೆಕಟ್ಟು), ಸ್ವಲ್ಪ ನೀರಸಾಗರದಿಂದ. ನೀರಸಾಗರ ಮಳೆ ಕೈಕೊಟ್ಟ ವರ್ಷ ತಳ ಕಾಣುತ್ತದೆ. ಮಲಪ್ರಭೆಯ ಅದೇ ನೀರಿಗೆ ನವಲಗುಂದ, ನರಗುಂದದ ರೈತರೂ ಕಾಯುತ್ತಾರೆ. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಟ್ಟು ತೋರಿಸಿದರು. ಆದರೂ ನೀರು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡ ತುಂಬಿಟ್ಟ ಮನೆಗಳು ಆಮೇಲೂ ವರ್ಷಗಟ್ಟಲೆ ಎಷ್ಟೋ ಇದ್ದವು. ಆದ್ದರಿಂದ ಕರಡಿನಲ್ಲಿ ಹೊಸ ಹಳದಿ ಕಂಡಲ್ಲೆಲ್ಲ ಒಂದೇ ಪ್ರಶ್ನೆ ಕೇಳಿ: ಇಲ್ಲಿಗೆ ನೀರು ಎಲ್ಲಿಂದ, ಇಲ್ಲಿಯ ಕೊಳಚೆ ಎಲ್ಲಿಗೆ? ಶುದ್ಧೀಕರಣ ಘಟಕಕ್ಕೆ ಜಾಗ ಗುರುತು ಮಾಡಿಲ್ಲದಿದ್ದರೆ ಅದು ಹತ್ತಿರದ ಕೆರೆಗೇ ಹೋಗುತ್ತದೆ.

ಬಯಲು ಜಾಗಕ್ಕೆ ಕೇಂದ್ರದ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಎನ್ನುತ್ತದೆ. 16.3 ಲಕ್ಷಕ್ಕೆ ಹತ್ತರ ಲೆಕ್ಕ ಹಿಡಿದರೂ 16 ಚದರ ಕಿಲೋಮೀಟರ್, ಸುಮಾರು 4,000 ಎಕರೆ ಬೇಕು. ವರದಿಯ ಭೂ ಬಳಕೆ ಕೋಷ್ಟಕದಲ್ಲಿ ಪಾರ್ಕಿನ ಸಾಲು ಹುಡುಕಿ ಹೋಲಿಸಿ.

ಬಸ್ಸು ಮತ್ತು ರಸ್ತೆ

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ನಮ್ಮ ಊರಿನ ಆಸ್ತಿ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಯಿತು, 2020ರ ಫೆಬ್ರುವರಿ 2ರಂದು ಅಧಿಕೃತ ಉದ್ಘಾಟನೆ ಆಯಿತು. ಸುಮಾರು 22 ಕಿಲೋಮೀಟರ್ ದಾರಿ, ಹೆಚ್ಚಿನ ಕಡೆ ಅದಕ್ಕೇ ಮೀಸಲು ಪಥ. ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ಎಲ್ಲ ಆ ಸಾಲಿನಲ್ಲೇ ಬರುತ್ತವೆ. ಇದನ್ನು ಬಯ್ಯುವವರೂ ಇದ್ದಾರೆ. ಪಕ್ಕದ ಪಥದಲ್ಲಿ ವಾಹನ ಜಾಮ್ ಆಗುತ್ತದೆ, ನಿಲ್ದಾಣ ರಸ್ತೆ ನಡುವೆ ಇರುವುದರಿಂದ ವಯಸ್ಸಾದವರಿಗೆ ದಾಟುವುದು ಕಷ್ಟ ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯ ಇದೆ. ಆದರೆ ನನಗೆ ಕಾಣುವ ದೊಡ್ಡ ಕೊರತೆ ಬೇರೆ. ಬಸ್ಸು ಒಂದು ಸಾಲಿನಲ್ಲಿ ಓಡುತ್ತದೆ, ಹೊಸ ಲೇಔಟುಗಳು ಇನ್ನೊಂದು ಕಡೆ ಏಳುತ್ತವೆ. ಮನೆಯಿಂದ ನಿಲ್ದಾಣಕ್ಕೆ ಮೂರು ಕಿಲೋಮೀಟರ್ ಆದರೆ ಯಾರಾದರೂ ಬೈಕೇ ತೆಗೆಯುತ್ತಾರೆ.

ಕರಡು ನಕ್ಷೆಯ ಮೇಲೆ ಪ್ರತಿ ನಿಲ್ದಾಣದ ಸುತ್ತ 500 ಮೀಟರಿನ ಒಂದು ವೃತ್ತ ಎಳೆಯಿರಿ. ಏಳು ನಿಮಿಷದ ನಡಿಗೆ ಅದು. ಆ ವೃತ್ತದೊಳಗೆ ಏನಿದೆ? ಗೋದಾಮು, ಖಾಲಿ ಕಾಂಪೌಂಡು, ಒಂದೇ ಅಂತಸ್ತಿನ ಶೋರೂಮು ಇದ್ದರೆ, ಅಲ್ಲಿ ಮನೆಗೂ ಅಂಗಡಿಗೂ ಜಾಗ ಕೇಳಿ. ವೃತ್ತದ ಹೊರಗಿನ ಹೊಸ ವಸತಿ ವಲಯಗಳಿಂದ ನಿಲ್ದಾಣಕ್ಕೆ ನೇರ ಅಡ್ಡರಸ್ತೆ ಇದೆಯೇ ನೋಡಿ. ಸಣ್ಣ ಬಸ್ಸು ಓಡಲು ಕನಿಷ್ಠ 12 ಮೀಟರ್ ಅಗಲದ ರಸ್ತೆಯಾದರೂ ಇರಲಿ ಎಂಬುದು ನನ್ನ ಅಭಿಪ್ರಾಯ. ಲೇಔಟುಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತು, ಪಕ್ಕದ ಓಣಿಗೆ ಹೋಗಲೂ ಮುಖ್ಯ ರಸ್ತೆ ಸುತ್ತಿ ಬರಬೇಕಾಗುವುದು ಈ ಅಡ್ಡರಸ್ತೆಗಳನ್ನು ನಕ್ಷೆಯಲ್ಲೇ ಗುರುತು ಮಾಡದೆ ಬಿಟ್ಟಾಗ.

ನಕ್ಷೆಯ ಗೆರೆಗೂ ಆಯುಷ್ಯ ಇದೆ

69ನೇ ಕಲಂ ಬಗ್ಗೆ ಹೇಳುತ್ತೇನೆ ಅಂದಿದ್ದೆ. ನಕ್ಷೆಯಲ್ಲಿ ಒಬ್ಬರ ಖಾಸಗಿ ಜಾಗವನ್ನು ಪಾರ್ಕು, ಶಾಲೆ, ರಸ್ತೆ ಎಂದು ತೋರಿಸಿದರೆ ಸಾಲದು. ಅಂತಿಮ ನಕ್ಷೆ ಪ್ರಕಟವಾದ ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳಬೇಕು, ಇಲ್ಲವೇ ಭೂಸ್ವಾಧೀನ ಶುರುವಾಗಬೇಕು. ಆಗದಿದ್ದರೆ ಆ ಗುರುತು ತಾನಾಗಿಯೇ ಬಿದ್ದುಹೋಗುತ್ತದೆ. ಇದು ಜಾಗದ ಮಾಲೀಕರಿಗೆ ನ್ಯಾಯ. ಅವರ ಹೊಲವನ್ನು ಇಪ್ಪತ್ತು ವರ್ಷ ಕಟ್ಟಿಹಾಕಿ ಇಡುವುದು ತಪ್ಪು. ಆದರೆ ಓಣಿಯವರಿಗೆ ಇದರ ಅರ್ಥ, ಪಾರ್ಕು ಬರುತ್ತದೆ ಎಂದು ಕಾಯುತ್ತಾ ಕೂತರೆ ಆರನೇ ವರ್ಷ ಅಲ್ಲಿ ಕಟ್ಟಡದ ಪಾಯ ಬೀಳಬಹುದು. ಅಂತಿಮ ಪ್ರಕಟಣೆಯ ದಿನಾಂಕ ಬರೆದಿಟ್ಟುಕೊಳ್ಳಿ. ಮೂರನೇ ವರ್ಷದಿಂದಲೇ ಸ್ವಾಧೀನಕ್ಕೆ ಹಣ ಇಡಿ ಎಂದು ಪ್ರಾಧಿಕಾರಕ್ಕೂ ಪಾಲಿಕೆ ಸದಸ್ಯರಿಗೂ ಬರೆಯಲು ಶುರು ಮಾಡಿ.

ಪ್ಲಾಟ್ ಕೊಳ್ಳುವವರಿಗೆ ಒಂದು ಮಾತು. ನಮ್ಮ ಕಾಕಾ ಎರಡು ಗುಂಟೆ ಜಾಗವನ್ನು ಬಾಂಡ್ ಪೇಪರಿನ ಮೇಲೆ ಕೊಂಡರು. ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಿರಲಿಲ್ಲ, ಲೇಔಟ್ ಮಂಜೂರಾಗಿರಲಿಲ್ಲ, ನಕ್ಷೆಯಲ್ಲಿ ಅದು ಕೃಷಿ ವಲಯ. ಮಾರಿದವನು ‘ಇನ್ನೆರಡು ವರ್ಷಕ್ಕೆ ಎಲ್ಲಾ ಹಳದಿ ಆಗ್ತದ್ರಿ’ ಅಂದಿದ್ದ. ಕಾಕಾಗೆ ಬ್ಯಾಂಕ್ ಸಾಲ ಸಿಗಲಿಲ್ಲ, ಕಟ್ಟಡದ ಪರವಾನಗಿ ಸಿಗಲಿಲ್ಲ, ಹನ್ನೊಂದು ವರ್ಷದಿಂದ ಆ ಜಾಗ ಹಾಗೇ ಬಿದ್ದಿದೆ. ದುಡ್ಡು ಕೊಡುವ ಮೊದಲು ನಕ್ಷೆ ನೋಡಿ. ಕೈಗೆಟುಕುವ ಮನೆ ಊರಿನೊಳಗೆ ಸಿಗದೇ ಇರುವುದರಿಂದಲೇ ಬಡವರು ಗುಂಟೆ ಪ್ಲಾಟಿಗೆ ಹೋಗುತ್ತಾರೆ. ಹಾಗಾಗಿ ಕರಡಿನಲ್ಲಿ ಸಣ್ಣ ಸೈಟಿಗೆ, ಬಾಡಿಗೆ ಮನೆಗೆ, ಕೊಳೆಗೇರಿಯವರಿಗೆ ಇದ್ದಲ್ಲೇ ಮನೆ ಕಟ್ಟಲು ಜಾಗ ಇಟ್ಟಿದ್ದಾರಾ ಎಂದು ಕೇಳುವುದೂ ನಿಮ್ಮ ಆಕ್ಷೇಪಣೆಯ ಭಾಗ ಆಗಲಿ.

ಆಕ್ಷೇಪಣೆ ಬರೆಯುವುದು

ಒಂದು ಪತ್ರ, ಒಂದು ವಿಷಯ. ಐದು ವಿಷಯ ಇದ್ದರೆ ಐದು ಪತ್ರ. ಎಲ್ಲ ಸೇರಿಸಿ ಎಂಟು ಪುಟ ಬರೆದರೆ ಅದರಲ್ಲಿ ಗಟ್ಟಿಯಾದದ್ದೂ ಮುಳುಗಿಹೋಗುತ್ತದೆ. ನಾನು ಈಗ ಬಳಸುವ ಮಾದರಿ ಹೀಗಿದೆ:

‘ವಿಷಯ: ಕರಡು ಮಹಾಯೋಜನೆ, ____ ಗ್ರಾಮ, ಸರ್ವೆ ನಂ. ____, ನಕ್ಷೆ ಹಾಳೆ ____ ಕುರಿತು ಆಕ್ಷೇಪಣೆ. ಕರಡಿನಲ್ಲಿ ಈ ಸರ್ವೆ ನಂಬರನ್ನು ಪೂರ್ತಿ ವಸತಿ ವಲಯವೆಂದು ತೋರಿಸಲಾಗಿದೆ. ಕಂದಾಯ ಗ್ರಾಮ ನಕ್ಷೆಯ ಪ್ರಕಾರ ಇದರ ಪೂರ್ವದ ಅಂಚಿನಲ್ಲಿ ಹಳ್ಳವಿದೆ. ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದೆ. ದಿನಾಂಕ ಸಮೇತ ನಾಲ್ಕು ಫೋಟೋ ಲಗತ್ತಿಸಿದೆ. ಆದ್ದರಿಂದ ಹಳ್ಳವನ್ನು ನಕ್ಷೆಯಲ್ಲಿ ಗುರುತಿಸಿ, ಅದರ ಗುಂಟ ನಿಯಮದ ಪ್ರಕಾರ ಬಿಡಬೇಕಾದ ಜಾಗವನ್ನು ಬಯಲು ಎಂದು ತೋರಿಸಬೇಕು.’

ಇಷ್ಟೇ. ಕರಡು ಏನು ಹೇಳುತ್ತದೆ, ನೆಲದ ಮೇಲೆ ಏನಿದೆ, ಆಧಾರ ಏನು, ನಕ್ಷೆಯಲ್ಲಿ ಏನು ಬದಲಾಗಬೇಕು. ‘ರಸ್ತೆ ಸರಿಮಾಡಿ’, ‘ಕಸ ಎತ್ತಿಸಿ’ ಎಂಬುದನ್ನು ಇದರಲ್ಲಿ ಸೇರಿಸಬೇಡಿ, ಅದು ನಕ್ಷೆಯ ಕೆಲಸ ಅಲ್ಲ. ಬೇಡ ಅನ್ನುವುದರ ಜೊತೆಗೆ ಏನು ಬೇಕು ಎಂದೂ ಬರೆಯಿರಿ. ಕರಡಿನಲ್ಲಿ ಒಳ್ಳೆಯದು ಇದ್ದರೆ ಬೆಂಬಲಿಸಿಯೂ ಒಂದು ಪತ್ರ ಕೊಡಿ. ಪಾರ್ಕಿನ ಗುರುತು ತೆಗೆಯಿರಿ ಎಂದು ಯಾರೋ ಬರೆದೇ ಬರೆಯುತ್ತಾರೆ, ಅದು ಉಳಿಯಲಿ ಎಂದು ಬರೆಯುವವರು ಇರುವುದಿಲ್ಲ.

ಒಂದೇ ಪತ್ರಕ್ಕೆ 62 ಸಹಿ ಹಾಕಿಸುವ ಬದಲು, ಹತ್ತು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಹತ್ತು ಪತ್ರ ಬರೆಯುವುದು ಮೇಲು. ಬೇರೆ ಬೇರೆ ಮನೆಯ ಬೇರೆ ಬೇರೆ ಅನುಭವ ಕಡತದಲ್ಲಿ ಸೇರುತ್ತದೆ.

ಕೊಟ್ಟ ಮೇಲೆ

ಎರಡು ಪ್ರತಿ ಒಯ್ಯಿರಿ. ಒಂದನ್ನು ಆವಕ ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. 60ನೇ ದಿನದವರೆಗೆ ಕಾಯಬೇಡಿ, 40ನೇ ದಿನದೊಳಗೆ ಮುಗಿಸಿ.

ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಿ, ಬೇಕಾದ ಬದಲಾವಣೆ ಶಿಫಾರಸು ಮಾಡಿ, ನಗರ ಯೋಜನಾ ನಿರ್ದೇಶಕರ ಮೂಲಕ ಸರ್ಕಾರಕ್ಕೆ ಕಳಿಸಬೇಕು. ಅಂತಿಮ ಒಪ್ಪಿಗೆ ಸರ್ಕಾರದ್ದು. ನಿಮ್ಮ ಪತ್ರ ಏನಾಯಿತು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಲಿ. ‘ಯಾಕೆ ಒಪ್ಪಲಿಲ್ಲ’ ಎಂದು ಕೇಳಬೇಡಿ. ‘ಆವಕ ಸಂಖ್ಯೆ ಇಂಥದ್ದರ ಮೇಲೆ ಕೈಗೊಂಡ ತೀರ್ಮಾನದ ಪ್ರತಿ ಮತ್ತು ಕಡತದ ಟಿಪ್ಪಣಿ ಪುಟಗಳ ಪ್ರತಿ ಕೊಡಿ’ ಎಂದು ಕೇಳಿ. ಕಾಗದ ಕೇಳಿದರೆ ಕಾಗದ ಸಿಗುತ್ತದೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಕರಡು ಇಲ್ಲದ ವರ್ಷಗಳಲ್ಲಿ ಒಬ್ಬರಿಗೆ ಒಂದು ಕೆಲಸ ಹಚ್ಚಿ. ನಮ್ಮ ಓಣಿಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ದಿನಾ ಪೇಪರಿನಲ್ಲಿ ಭೂ ಬಳಕೆ ಬದಲಾವಣೆಯ ಪ್ರಕಟಣೆಗಳನ್ನು ಹುಡುಕಿ, ಕತ್ತರಿಸಿ ವಹಿಯಲ್ಲಿ ಅಂಟಿಸುತ್ತಾರೆ, ಓಣಿಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತಾರೆ. ಹೋದ ವರ್ಷ ಹೀಗೇ ಒಂದು ಪ್ರಕಟಣೆ ಬಂದಾಗ ಮೂರನೇ ದಿನ ನಮ್ಮ ಒಂಬತ್ತು ಪತ್ರಗಳು ಕಚೇರಿಯಲ್ಲಿದ್ದವು. ಒಂಬತ್ತರಲ್ಲೂ ಸರ್ವೆ ನಂಬರ್ ಇತ್ತು, ಒಂಬತ್ತಕ್ಕೂ ಮುದ್ರೆ ಬಿದ್ದಿತ್ತು.